ಮನೆ, ತವರು ಮತ್ತು ಮರಳುವಿಕೆ: ಭೀಮಾತೀರದ ಗಡಿಸೀಮೆಯ ಎರಡು ವಲಸೆಗಳು

ಊರು ಬಿಟ್ಟು ಹೋಗುವುದಕ್ಕೆ ಕನ್ನಡದಲ್ಲಿ ಒಂದೇ ಮಾತಿಲ್ಲ. ದುಡಿಮೆಯನ್ನು ಅರಸಿ ಹೊರಟು ಹಂಗಾಮು ಮುಗಿದ ಮೇಲೆ ತಿರುಗಿ ಬರುವುದು ‘ಗುಳೆ’. ದಂಡು ಬರುತ್ತದೆಂಬ ಭಯದಿಂದ ಮನೆಮಾರು ಬಿಟ್ಟು ಓಡುವುದು ‘ವಲಸೆ’. ಈ ಪದಕ್ಕೆ ಕಿಟೆಲ್ ತಮ್ಮ ನಿಘಂಟಿನಲ್ಲಿ ಕೊಟ್ಟಿರುವ ಅರ್ಥವೂ ಇದೇ. ಮರಳುವ ಭರವಸೆಯಿಲ್ಲದೆ ದೂರ ಹೋಗುವುದು ‘ದೇಶಾಂತರ’. ಇವುಗಳ ಜೊತೆಗೆ ಜನಪದರ ಬದುಕಿನಲ್ಲಿ ಇನ್ನೊಂದು ಮಾತಿದೆ: ‘ತವರು’. ಹೆಣ್ಣುಮಗಳು ತವರಿನಲ್ಲಿ ನೆಲೆಸುವುದಿಲ್ಲ. ಆದರೆ ಪಂಚಮಿಗೆ, ಬಾಣಂತನಕ್ಕೆ, ಜಾತ್ರೆಗೆ ಅಲ್ಲಿಗೆ ಹೋಗಿಬರುವ ಹಕ್ಕು ಅವಳಿಗೆ ಜೀವನಪರ್ಯಂತ ಇರುತ್ತದೆ. ನೆಲೆಸಲು ಮರಳುವುದು ಮನೆಗೆ. ಹೋಗಿಬರಲು ಮರಳುವುದು ತವರಿಗೆ.

ತಾಯ್ನೆಲ ತೊರೆದ ಸಮುದಾಯಗಳು ಇಂದಿಗೂ ಅಲ್ಲಿಗೆ ಮರಳುವ ಆಸೆಯನ್ನು ಉಳಿಸಿಕೊಂಡಿವೆಯೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ಪ್ಯಾಲೆಸ್ಟೀನಿಯರು, ಟಿಬೆಟಿಯನರು, ಕಾಶ್ಮೀರದ ಪಂಡಿತರು ಮೊದಲಾದವರ ಸಂದರ್ಭದಲ್ಲಿ ಎತ್ತಿದ್ದಾರೆ. 1948ರಲ್ಲಿ ಊರು ಬಿಟ್ಟ ಪ್ಯಾಲೆಸ್ಟೀನಿಯರ ಕುಟುಂಬಗಳು ಹಳೆಯ ಮನೆಯ ಬೀಗದ ಕೈಗಳನ್ನು ಇಂದಿಗೂ ಕಾಪಾಡಿಕೊಂಡು ಬಂದಿರುವುದು ಲೋಕಪ್ರಸಿದ್ಧ. ಅದೇ 1948ರಲ್ಲಿ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳಲ್ಲಿಯೂ ಸಾವಿರಾರು ಮನೆಗಳಿಗೆ ಬೀಗ ಬಿದ್ದಿತ್ತು. ಆ ಬೀಗಗಳಲ್ಲಿ ಯಾವುವು ತೆರೆದವು, ಯಾವುವು ತೆರೆಯಲಿಲ್ಲ, ಅದಕ್ಕೆ ಕಾರಣಗಳೇನು ಎಂಬುದನ್ನು ಅಫಜಲಪುರ ತಾಲ್ಲೂಕಿನ ಕರಜಗಿ ಮತ್ತು ಅದರ ಸುತ್ತಲಿನ ಆಳಂದ, ಜೇವರ್ಗಿ ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಡಿಯ ಸ್ವರೂಪ

ಬೀದರ, ಗುಲಬರ್ಗಾ, ರಾಯಚೂರು ಎಂಬ ಮೂರು ಕನ್ನಡ ಜಿಲ್ಲೆಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಅಫಜಲಪುರ ಮತ್ತು ಆಳಂದ ತಾಲ್ಲೂಕುಗಳ ಪಶ್ಚಿಮಕ್ಕೆ ಅಕ್ಕಲಕೋಟೆಯ ಚಿಕ್ಕ ಸಂಸ್ಥಾನವೂ ಅದರಾಚೆ ಮುಂಬಯಿ ಪ್ರಾಂತದ ಸೊಲ್ಲಾಪುರ ಜಿಲ್ಲೆಯೂ ಇದ್ದವು. ನೈಋತ್ಯಕ್ಕೆ ಅದೇ ಪ್ರಾಂತದ ವಿಜಾಪುರ ಜಿಲ್ಲೆ. ಅಕ್ಕಲಕೋಟೆ 1948ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆಚೆಯ ಜನ ನಿಜಾಮರ ಸೀಮೆಯನ್ನು ‘ಮೊಗಲಾಯಿ’ ಎಂದು ಕರೆಯುತ್ತಿದ್ದರು. ಮೊಗಲಾಯಿಯಲ್ಲಿ ಚಲಾವಣೆಯಲ್ಲಿದ್ದದ್ದು ಹಾಲಿ ಸಿಕ್ಕಾ, ಆಚೆ ಕಲ್ದಾರ ರೂಪಾಯಿ. ಗಡಿಯುದ್ದಕ್ಕೂ ಕರೋಡಗಿರಿ ನಾಕೆಗಳಿದ್ದು, ದಾಟುವ ಸರಕಿಗೆ ಸುಂಕ ವಸೂಲಾಗುತ್ತಿತ್ತು.

ಆಡಳಿತ ಎಳೆದ ಈ ಗೆರೆಯನ್ನು ಜನಜೀವನ ಮಾನ್ಯ ಮಾಡಿರಲಿಲ್ಲ. ಗೆರೆಯ ಎರಡೂ ಕಡೆ ಕನ್ನಡವೇ ಮನೆಮಾತು. ಹೆಣ್ಣು ಕೊಟ್ಟು ತರುವ ಸಂಬಂಧಗಳು, ದನದ ಸಂತೆಗಳು, ಜಾತ್ರೆಗಳು ಗಡಿಯನ್ನು ದಾಟಿಯೇ ನಡೆಯುತ್ತಿದ್ದವು. ಭೀಮಾ–ಅಮರ್ಜಾ ಸಂಗಮದ ದೇವಲ ಗಾಣಗಾಪುರಕ್ಕೆ ಮರಾಠಿ ಸೀಮೆಯ ದತ್ತಭಕ್ತರು ಬರುತ್ತಿದ್ದರು; ಘತ್ತರಗಿಯ ಭಾಗ್ಯವಂತಿ, ಆಳಂದದ ಲಾಡ್ಲೆ ಮಶಾಯಖರ ದರ್ಗಾ ಎರಡೂ ಸೀಮೆಯವರಿಗೆ ನಡೆದುಕೊಳ್ಳುವ ತಾಣಗಳಾಗಿದ್ದವು. ಸೊಲ್ಲಾಪುರದ ಜವಳಿ ಗಿರಣಿಗಳು 19ನೆಯ ಶತಮಾನದ ಕೊನೆಯ ದಶಕಗಳಿಂದ ಮೊಗಲಾಯಿಯ ಕೂಲಿಕಾರರನ್ನು ಸೆಳೆದಿದ್ದವು. ಮುಂಬಯಿ–ಮದ್ರಾಸ್ ರೈಲುಮಾರ್ಗ ಸೊಲ್ಲಾಪುರ, ದುಧನಿ, ಗಾಣಗಾಪುರ ರೋಡ್, ಗುಲಬರ್ಗಾಗಳನ್ನು ಒಂದೇ ದಾರದಲ್ಲಿ ಪೋಣಿಸಿತ್ತು. ಹೀಗಾಗಿ ಈ ಸೀಮೆಯವರಿಗೆ ಗಡಿಯಾಚೆಯ ನೆಲ ಪರದೇಶವಾಗಿರಲಿಲ್ಲ. ಅದು ಬೀಗರ ಊರು, ಸೋದರಮಾವನ ಊರು, ಗಿರಣಿಯ ಊರು. ಮುಂದೆ ನಡೆದ ವಲಸೆಯ ಸ್ವರೂಪವನ್ನು ನಿರ್ಧರಿಸಿದ ಮುಖ್ಯ ಸಂಗತಿ ಇದು.

ಮೊದಲನೆಯ ವಲಸೆ: 1947–48

1947ರ ಜೂನ್‌ನಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿಖಾನರು ತಮ್ಮ ಸಂಸ್ಥಾನ ಸ್ವತಂತ್ರವಾಗಿ ಉಳಿಯುವುದೆಂದು ಸಾರಿದರು. ಸ್ವಾಮಿ ರಾಮಾನಂದ ತೀರ್ಥರ ನೇತೃತ್ವದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಭಾರತ ಒಕ್ಕೂಟಕ್ಕೆ ಸೇರಬೇಕೆಂಬ ಚಳವಳಿಯನ್ನು ಆ ವರ್ಷದ ಆಗಸ್ಟ್‌ನಲ್ಲಿ ಆರಂಭಿಸಿತು. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿದ್ದರೂ ಹಳ್ಳಿಗಳಲ್ಲಿ ಯಥಾಸ್ಥಿತಿ ಉಳಿಯಲಿಲ್ಲ. ಲಾತೂರಿನ ವಕೀಲ ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರ ದಳಗಳು ಊರೂರುಗಳಲ್ಲಿ ಸುಲಿಗೆ, ಬೆಂಕಿ, ಕೊಲೆಗಳಿಗೆ ಇಳಿದವು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡ ಈ ಭಾಗದ ಜನಮನದಲ್ಲಿ ಅಳಿಯದ ಗಾಯವಾಗಿ ಉಳಿದಿದೆ. ರಜಾಕಾರರನ್ನು ವಿರೋಧಿಸಿದ ಮುಸ್ಲಿಮರಿಗೂ ರಕ್ಷಣೆ ಇರಲಿಲ್ಲ ಎಂಬುದಕ್ಕೆ ಅದೇ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ನಡೆದ ಪತ್ರಕರ್ತ ಶೋಯೇಬುಲ್ಲಾ ಖಾನರ ಕೊಲೆ ಸಾಕ್ಷಿ.

ಗಡಿಯಾಚೆ ಹೋರಾಟಗಾರರ ಶಿಬಿರಗಳು ಏರ್ಪಟ್ಟವು. ಕರ್ನಾಟಕ ಭಾಗದ ಹೋರಾಟಕ್ಕೆ ಗದಗ ಕೇಂದ್ರವಾದರೆ, ಸೊಲ್ಲಾಪುರ ಇನ್ನೊಂದು ದೊಡ್ಡ ನೆಲೆಯಾಯಿತು. ಮುಂಡರಗಿಯ ಶಿಬಿರವನ್ನು ಅಳವಂಡಿ ಶಿವಮೂರ್ತಿಸ್ವಾಮಿಯವರು ನಡೆಸಿದರು. ಗುಲಬರ್ಗಾ ಜಿಲ್ಲೆಯ ಹೋರಾಟದಲ್ಲಿ ಮಹಾಗಾಂವದ ಸರದಾರ ಶರಣಗೌಡ ಇನಾಮದಾರರ ಹೆಸರು ಮುಂಚೂಣಿಯಲ್ಲಿ ಕೇಳಿಬರುತ್ತದೆ. ಶಿಬಿರಗಳ ಕಾರ್ಯಕರ್ತರು ನಾಕೆಗಳ ಮೇಲೆ, ಠಾಣೆಗಳ ಮೇಲೆ ದಾಳಿ ಮಾಡಿ ಹಿಂದಿರುಗಿದರೆ, ಅದರ ಸೇಡು ಮರುದಿನ ಗಡಿಯ ಹಳ್ಳಿಗಳ ಮೇಲೆ ಬೀಳುತ್ತಿತ್ತು. ಹೀಗೆ ಎರಡು ಒತ್ತಡಗಳ ನಡುವೆ ಸಿಕ್ಕ ಗಡಿಗ್ರಾಮಗಳಲ್ಲಿ ಊರು ಬಿಡುವುದೇ ಬದುಕುಳಿಯುವ ಉಪಾಯವಾಯಿತು.

ಈ ವಲಸೆಯಲ್ಲಿ ಶಿಬಿರಗಳಿಗೆ ಸೇರಿದವರಿಗಿಂತ ನಂಟರ ಮನೆ ಸೇರಿದವರ ಬಗೆಗೆ ಲಿಖಿತ ಇತಿಹಾಸ ಹೇಳುವುದು ಕಡಿಮೆ. ಹೋರಾಟದ ಚರಿತ್ರೆ ಶಿಬಿರಗಳನ್ನು ದಾಖಲಿಸಿದೆ. ಹೆಂಗಸರು, ಮಕ್ಕಳು, ದನಕರುಗಳೊಂದಿಗೆ ಬೀಗರ ಪಡಸಾಲೆಯಲ್ಲಿ, ಹೊಲದ ಗುಡಿಸಲಿನಲ್ಲಿ, ಗುಡಿಯ ಕಟ್ಟೆಯ ಮೇಲೆ ತಿಂಗಳುಗಟ್ಟಲೆ ದಿನ ನೂಕಿದವರ ಕಥೆ ಬಹುಮಟ್ಟಿಗೆ ಬಾಯಿಮಾತಿನಲ್ಲಿಯೇ ಉಳಿದಿದೆ. ‘ರಜಾಕಾರರ ಹಾವಳಿ’ ಎಂಬುದು ಈ ಸೀಮೆಯಲ್ಲಿ ಒಂದು ಕಾಲಮಾನವೇ ಆಗಿತ್ತು. ಹುಟ್ಟು, ಮದುವೆ, ಬರಗಾಲಗಳನ್ನು ಹಿರಿಯರು ಅದಕ್ಕಿಂತ ಹಿಂದೆ, ಅದರ ತರುವಾಯ ಎಂದು ಎಣಿಸುತ್ತಿದ್ದರು.

ಮನೆಗೆ ಮರಳುವಿಕೆ

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಸಂಸ್ಥಾನದ ಗಡಿಯನ್ನು ದಾಟಿತು. ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಪ್ರಮುಖ ಪಡೆ ಸೊಲ್ಲಾಪುರದಿಂದ ಹೊರಟು ನಳದುರ್ಗ, ಉಮರ್ಗಾ, ಹುಮನಾಬಾದ್ ಮಾರ್ಗವಾಗಿ ಮುಂದುವರಿಯಿತು; ಅಂದರೆ ಆಳಂದ ಸೀಮೆಯ ಮಗ್ಗುಲಿನಲ್ಲಿಯೇ ಸಾಗಿತು. 17ರಂದು ನಿಜಾಮರು ಸೋಲೊಪ್ಪಿದರು. ಮರುದಿನ ಅವರ ಸೇನಾಧಿಪತಿ ಎಲ್ ಎದ್ರೂಸ್ ಶರಣಾಗತರಾದರು. ಆಚೆ ಹೋಗಿದ್ದವರು ಗಾಡಿ ಕಟ್ಟಿಕೊಂಡು ತಿರುಗಿ ಬರತೊಡಗಿದರು.

ಈ ಮರಳುವಿಕೆ ಇಷ್ಟು ಬೇಗ ನಡೆಯಲು ರಾಜಕೀಯ ಬದಲಾವಣೆಯೊಂದೇ ಕಾರಣವಲ್ಲ. ಮೂರು ಸಂಗತಿಗಳನ್ನು ಇಲ್ಲಿ ಗಮನಿಸಬೇಕು. ಮೊದಲನೆಯದು ಹೊಲ. ಭೀಮಾತೀರದ ಕಪ್ಪುನೆಲದಲ್ಲಿ ಹಿಂಗಾರಿ ಜೋಳವೇ ಜೀವಾಳ. ಕಾರ್ಯಾಚರಣೆ ಮುಗಿದದ್ದು ಉತ್ತರಿ ಮಳೆಯ ದಿನಗಳಲ್ಲಿ, ಮುಂದಿನದು ಹಸ್ತ. ಮುಂಗಾರಿ ಕೈಬಿಟ್ಟಿದ್ದರೂ ಹಿಂಗಾರಿ ಬಿತ್ತನೆಗೆ ಇನ್ನೂ ಹೊತ್ತಿತ್ತು. ತಡಮಾಡಿದರೆ ಆ ವರ್ಷದ ರೊಟ್ಟಿಯೇ ಇಲ್ಲ. ಎರಡನೆಯದು ಆಯ. ಬಡಿಗ, ಕಮ್ಮಾರ, ಹಡಪದ, ಮಡಿವಾಳ, ತಳವಾರ ಮೊದಲಾದ ಆಯಗಾರರಿಗೆ ಊರಿನಲ್ಲಿ ಇದ್ದರಷ್ಟೇ ಹಕ್ಕು. ಬೇರೆ ಊರಿನಲ್ಲಿ ಆ ಆಯಕ್ಕೆ ಅಲ್ಲಿಯವರೇ ಬಾಧ್ಯಸ್ಥರು. ಮೂರನೆಯದು ದೈವ. ಗ್ರಾಮದೇವತೆಯ ಪೂಜೆ, ಪಲ್ಲಕ್ಕಿ ಹೊರುವ ಸರದಿ, ಜಾತ್ರೆಯ ಮಾನ ಇವೆಲ್ಲ ಮನೆತನಕ್ಕೂ ಊರಿಗೂ ಒಟ್ಟಿಗೆ ಅಂಟಿಕೊಂಡಿದ್ದು, ಬೇರೆಡೆಗೆ ಒಯ್ಯಲಾಗದವು.

ಮರಳುವ ಆಸೆ ಎಂಬುದು ಬರಿಯ ಭಾವನೆಯಲ್ಲ ಎಂಬುದನ್ನು ಈ ಮೂರೂ ಸಂಗತಿಗಳು ತೋರಿಸುತ್ತವೆ. ಊರಿನಲ್ಲಿ ತನಗಾಗಿ ಕಾದಿರುವ ಕೆಲಸವೊಂದು ಇದ್ದಾಗ ಆಸೆ ಗಟ್ಟಿಯಾಗುತ್ತದೆ. ಇದಕ್ಕೆ ಪ್ರತಿಯಾಗಿ, ಹೊಲವೂ ಆಯವೂ ಇಲ್ಲದ ಕೂಲಿಕಾರನನ್ನು ಊರು ಹಾಗೆ ಕರೆಯುತ್ತಿರಲಿಲ್ಲ. ಸೊಲ್ಲಾಪುರದ ಗಿರಣಿ ಕೊಡುವ ಪಗಾರ ಅವನ ಪಾಲಿಗೆ ಊರಿಗಿಂತ ದೊಡ್ಡ ಆಶ್ರಯವಾಗಬಲ್ಲದಾಗಿತ್ತು.

ಎರಡನೆಯ ವಲಸೆ

ಗಾಡಿಗಳು ಹಳ್ಳಿಗಳಿಗೆ ಬರುತ್ತಿದ್ದ ಅದೇ ವಾರಗಳಲ್ಲಿ ಬೇರೆ ಜನ ಹಳ್ಳಿಗಳನ್ನು ಬಿಡುತ್ತಿದ್ದರು. ಪೊಲೀಸ್ ಕಾರ್ಯಾಚರಣೆಯ ತರುವಾಯ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಪರಿಶೀಲಿಸಲು ಭಾರತ ಸರಕಾರ ಪಂಡಿತ ಸುಂದರಲಾಲ, ಕಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿಯವರ ನಿಯೋಗವನ್ನು ಕಳುಹಿಸಿತು. 1948ರ ನವೆಂಬರ್–ಡಿಸೆಂಬರ್‌ನಲ್ಲಿ ಈ ನಿಯೋಗ ಸಂಸ್ಥಾನದ 16 ಜಿಲ್ಲೆಗಳಲ್ಲಿ 9ನ್ನು ಸುತ್ತಿತು. ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ ಈ ನಾಲ್ಕು ಜಿಲ್ಲೆಗಳು ಎಲ್ಲಕ್ಕಿಂತ ಹೆಚ್ಚು ನಲುಗಿದವು ಎಂದೂ ಇಡೀ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದೂ ಅದು ಅಂದಾಜಿಸಿತು. ಆಯ್ದ ಭಾಗಗಳು ಹೊರಗೆ ತಿಳಿದಿದ್ದರೂ ವರದಿ ದೀರ್ಘಕಾಲ ಅಪ್ರಕಟಿತವಾಗಿಯೇ ಉಳಿದು, 2013ರ ಹೊತ್ತಿಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದುಗರಿಗೆ ದೊರೆಯುವಂತಾಯಿತು. ನೆರೆಯ ಹಿಂದೂಗಳು ಮುಸ್ಲಿಮರನ್ನು ಕಾಪಾಡಿದ ನಿದರ್ಶನಗಳನ್ನೂ, ವಿಶೇಷವಾಗಿ ನೇಕಾರರು ನೇಕಾರರ ನೆರವಿಗೆ ನಿಂತುದನ್ನೂ ಅದು ದಾಖಲಿಸಿದೆ ಎಂಬುದು ಗಮನಾರ್ಹ.

ಹಳ್ಳಿ ಬಿಟ್ಟ ಮುಸ್ಲಿಂ ಕುಟುಂಬಗಳಲ್ಲಿ ಬಹಳಷ್ಟು ಹೈದರಾಬಾದ್ ನಗರವನ್ನು ಸೇರಿದವು. ಇವರೆಲ್ಲ ಜಾಗೀರದಾರರೋ ಅಧಿಕಾರಿಗಳೋ ಆಗಿರಲಿಲ್ಲ. ಹತ್ತಿ ಹಿಂಜುವ ಪಿಂಜಾರ, ಕುರಿ ಹಲಾಲು ಮಾಡುವ ಮುಲ್ಲಾ, ನೇಕಾರ, ಒಕ್ಕಲಿಗ ಹೀಗೆ ಊರಿನ ಆಯ–ಮಾನಗಳ ವ್ಯವಸ್ಥೆಯೊಳಗೇ ಇದ್ದವರೂ ಅವರಲ್ಲಿ ಸೇರಿದ್ದರು. ಸೇನಾಡಳಿತ ಇವರನ್ನು ಹಳ್ಳಿಗಳಿಗೆ ಹಿಂದಿರುಗಿಸಲು ಪ್ರಯತ್ನಿಸಿತು. ಹಲವರು ಮರಳಿದರು, ಹಲವರಿಗೆ ಅದು ಸಾಧ್ಯವಾಗಲಿಲ್ಲ. ಮೊದಲನೆಯ ವಲಸೆಯವರನ್ನು ಕರೆದ ಹೊಲ, ಆಯ, ದೈವಗಳೇ ಇವರಿಗೂ ಇದ್ದವು. ಕೊರತೆಯಿದ್ದದ್ದು ಬೇರೊಂದರದು: ಬಿಟ್ಟುಬಂದ ಮನೆಯಲ್ಲಿ, ಹೊಲದಲ್ಲಿ ಈಗ ಯಾರಿದ್ದಾರೆ ಮತ್ತು ನೆರೆಯವರು ಮರಳಿ ಸೇರಿಸಿಕೊಳ್ಳುವರೇ ಎಂಬ ಭರವಸೆಯದು. ಬನ್ನಿ ಹಬ್ಬದ ದಿನ ಎಲೆಯನ್ನು ಕೊಟ್ಟು ತೆಗೆದುಕೊಂಡು ‘ಬಂಗಾರದಂಗ ಇರೋಣ’ ಎಂದು ಹಗೆ ಮರೆಯುವ ಸಂಪ್ರದಾಯ ಈ ಸೀಮೆಯದು. ಆ ವರ್ಷದ ಬನ್ನಿಯನ್ನು ಕೊಟ್ಟುಕೊಳ್ಳಲು ಊರಿನಲ್ಲಿ ಎಲ್ಲರೂ ಇರಲಿಲ್ಲ.

ಪಾಕಿಸ್ತಾನಕ್ಕೆ ಹೋದವರ ದಾರಿ ಇನ್ನೂ ಇಕ್ಕಟ್ಟಾಯಿತು. 1948ರ ಜುಲೈನಲ್ಲಿ ಬಂದ ಪರವಾನಗಿ ಪದ್ಧತಿ, 1950ರ ನಿರ್ವಸಿತರ ಆಸ್ತಿ ಕಾಯಿದೆ, 1952ರ ಅಕ್ಟೋಬರ್‌ನಲ್ಲಿ ಜಾರಿಯಾದ ಪಾಸ್‌ಪೋರ್ಟ್ ವ್ಯವಸ್ಥೆ ಇವು ಒಂದರ ಹಿಂದೊಂದು ಬಾಗಿಲು ಮುಚ್ಚುತ್ತ ಬಂದವು. 1965ರ ಯುದ್ಧ ಉಳಿದ ಬಿರುಕನ್ನೂ ಕಿರಿದುಗೊಳಿಸಿತು. ಕರಾಚಿಯ ಹೈದರಾಬಾದ್ ಕಾಲೊನಿ, ಬಹಾದುರಾಬಾದ್ ಎಂಬ ಬಡಾವಣೆಗಳ ಹೆಸರುಗಳು ಬಿಟ್ಟುಹೋದ ಸಂಸ್ಥಾನದ ನೆನಪನ್ನು ಇಂದಿಗೂ ಹೊತ್ತಿವೆ. ಎರಡನೆಯದು ಬಹಾದೂರ್ ಯಾರ್ ಜಂಗರ ಹೆಸರಿನಿಂದ ಬಂದದ್ದು.

ಮನೆಯಿಂದ ತವರಿನೆಡೆಗೆ

ನೆಲೆಸಲು ಮರಳಲಾಗದವರ ಆಸೆ ಎಲ್ಲಿ ಹೋಯಿತು? ಜಾನಪದದ ದೃಷ್ಟಿಯಿಂದ ನೋಡಿದರೆ ಅದು ಅಳಿಯಲಿಲ್ಲ, ರೂಪ ಬದಲಿಸಿತು. ಕಲಬುರಗಿಯ ಖ್ವಾಜಾ ಬಂದೇನವಾಜರ ಉರುಸು, ಆಳಂದದ ಲಾಡ್ಲೆ ಮಶಾಯಖರ ಉರುಸುಗಳಿಗೆ ಹೈದರಾಬಾದಿನಿಂದ ಜನ ಬರುತ್ತಾರೆ. ಹಿರಿಯರ ಗೋರಿಗಳಿಗೆ ಹೂ ಏರಿಸುವುದು, ಮದುವೆಗೆ ಮುನ್ನ ದರ್ಗಾಕ್ಕೆ ನಡೆದುಕೊಳ್ಳುವುದು, ಮಗುವಿನ ಜವಳ ತೆಗೆಸುವುದು ಇವು ದೂರ ಹೋದ ಮನೆತನಗಳನ್ನು ಊರಿಗೆ ಕಟ್ಟಿಹಾಕುವ ಆಚರಣೆಗಳು. ಮನೆ ಕೈತಪ್ಪಿದರೂ ತವರು ಉಳಿಯುವುದು ಹೀಗೆ.

ಇದೇ ಮಾತು ಹೊರಟು ಹೋದ ಹಿಂದೂಗಳಿಗೂ ಸಲ್ಲುತ್ತದೆ. ಸೊಲ್ಲಾಪುರ, ಪುಣೆ, ಮುಂಬಯಿಗಳಲ್ಲಿ ನೆಲೆನಿಂತ ಭೀಮಾತೀರದ ಕುಟುಂಬಗಳು ಮನೆದೇವರ ಜಾತ್ರೆಗೆ ಬರುತ್ತವೆ; ಊರಿನಲ್ಲಿ ಉಳಿಯುವುದಿಲ್ಲ. ಘತ್ತರಗಿಗೋ ಗಾಣಗಾಪುರಕ್ಕೋ ಬರುವ ಇವರ ಪಯಣಕ್ಕೂ ಉರುಸಿಗೆ ಬರುವವರ ಪಯಣಕ್ಕೂ ರಚನೆಯಲ್ಲಿ ಭೇದವಿಲ್ಲ.

ನೆಲವೂ ಹೋದವರ ಪಾಲನ್ನು ಕಾಯುತ್ತದೆ ಎಂಬುದಕ್ಕೆ ಮೊಹರಂ ಉತ್ತಮ ನಿದರ್ಶನ. ಉತ್ತರ ಕರ್ನಾಟಕದಲ್ಲಿ ಮುಸ್ಲಿಮರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲಿಯೂ ಅಲಾಯಿ ಕುಣಿ ತೋಡಿ, ಪೀರದೇವರನ್ನು ಕೂರಿಸಿ, ಕನ್ನಡದಲ್ಲಿಯೇ ರಿವಾಯತ್ ಪದಗಳನ್ನು ಹಾಡುತ್ತಾರೆ. ಆ ಪದಗಳ ವಸ್ತು ಕರ್ಬಲಾ: ಮದೀನಾ ಬಿಟ್ಟು ಹೊರಟ ಹುಸೇನರು ಮರಳಿ ಮನೆ ಕಾಣದ ಕಥೆ. ಸ್ವತಃ ಖ್ವಾಜಾ ಬಂದೇನವಾಜರ ಜೀವನವೂ ಎರಡು ಬಗೆಯ ವಲಸೆಗಳಿಗೆ ಸಾಕ್ಷಿಯಾಗಿದೆ. ದೆಹಲಿಯಲ್ಲಿ ಹುಟ್ಟಿದ ಅವರು ಮಹಮ್ಮದ್ ಬಿನ್ ತುಘಲಕನ ಕಾಲದಲ್ಲಿ ಬಾಲಕರಾಗಿದ್ದಾಗ ತಂದೆಯೊಂದಿಗೆ ದೌಲತಾಬಾದಿಗೆ ಬಂದು, ಕೆಲವು ವರ್ಷಗಳಲ್ಲಿ ದೆಹಲಿಗೆ ಮರಳಿದರು. 1398ರಲ್ಲಿ ತೈಮೂರನ ದಾಳಿಯ ಸಮಯದಲ್ಲಿ ಎರಡನೆಯ ಬಾರಿ ದೆಹಲಿ ಬಿಟ್ಟವರು ಮತ್ತೆ ಮರಳಲಿಲ್ಲ. 1422ರಲ್ಲಿ ಗುಲಬರ್ಗಾದಲ್ಲಿಯೇ ಕಾಲವಾದರು. ವಲಸೆ ಬಂದವರ ಗೋರಿಯೇ ಇಂದು ವಲಸೆ ಹೋದವರಿಗೆ ಮರಳಿ ಬರುವ ನೆಪವಾಗಿದೆ.

ಹೋಲಿಕೆಗೆ ಎರಡು ಸಮುದಾಯಗಳು

ಈ ನಿರ್ಣಯವನ್ನು ಪರೀಕ್ಷಿಸಲು ಕರ್ನಾಟಕದ ನೆಲದಲ್ಲಿಯೇ ಆಶ್ರಯ ಪಡೆದ ಎರಡು ಸಮುದಾಯಗಳನ್ನು ನೋಡಬಹುದು. 1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದ ಬಳಿಕ ಅಂದಿನ ಮೈಸೂರು ಸರಕಾರ ಟಿಬೆಟಿಯನರಿಗೆ ಬೈಲುಕುಪ್ಪೆಯಲ್ಲಿ ನೆಲ ಕೊಟ್ಟಿತು. ಮುಂದೆ 1966ರಲ್ಲಿ ಮುಂಡಗೋಡ, 1970ರ ದಶಕದಲ್ಲಿ ಹುಣಸೂರು ಮತ್ತು ಕೊಳ್ಳೇಗಾಲ ಸೀಮೆಗಳಲ್ಲಿ ನೆಲೆಗಳು ಬೆಳೆದವು. ಲಾಸಾ ಸುತ್ತಲಿನ ಸೆರಾ, ಡ್ರೆಪುಂಗ್, ಗಾಂದೆನ್ ಮಠಗಳು ಅದೇ ಹೆಸರಿನಲ್ಲಿ ಇಲ್ಲಿ ಮರುಹುಟ್ಟು ಪಡೆದವು. ಬಹುಪಾಲು ಜನ ಈಗ ಭಾರತದಲ್ಲಿಯೇ ಹುಟ್ಟಿದವರು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಕಾಯಿದೆಯ ಪ್ರಕಾರ ಭಾರತದ ಪೌರರೆಂದು ನ್ಯಾಯಾಲಯಗಳು ಹೇಳಿದ ಮೇಲೆಯೂ ಹಲವರು ನಿರಾಶ್ರಿತರಾಗಿಯೇ ಉಳಿಯಲು ಬಯಸಿದ್ದಾರೆ. 2009ರ ಗಣತಿಯ ವೇಳೆಗೆ ಭಾರತದಲ್ಲಿ ಸುಮಾರು 94,000 ಟಿಬೆಟಿಯನರಿದ್ದರು; ಆಮೇಲೆ ಪಾಶ್ಚಾತ್ಯ ದೇಶಗಳಿಗೆ ಹೋಗುವವರು ಹೆಚ್ಚಿ ಆ ಸಂಖ್ಯೆ ಇಳಿದಿದೆ. ವ್ಯಕ್ತಿಗಳು ಇನ್ನೂ ದೂರಕ್ಕೆ ಸಾಗುತ್ತಿದ್ದರೂ ಸಮುದಾಯದ ಸಂಕಲ್ಪ ಮಾತ್ರ ಮರಳುವುದರ ಕಡೆಗೇ ನೆಟ್ಟಿದೆ. 2008ರ ಪ್ರತಿಭಟನೆಗಳ ನಂತರ ಟಿಬೆಟ್ಟಿನ ಗಡಿ ದಾಟುವುದು ಬಹಳ ಕಠಿಣವಾಗಿದೆ. ಹಬ್ಬಕ್ಕೆ, ಗೋರಿಗೆ, ಗುಡಿಗೆ ಹೋಗಿಬರುವ ದಾರಿ ಇಲ್ಲದಿರುವುದರಿಂದ ಅವರ ತಾಯ್ನೆಲ ತವರಾಗಿ ಮೆದುವಾಗಿಲ್ಲ, ಮನೆಯಾಗಿಯೇ ಉಳಿದಿದೆ.

ಸಿಂಧನೂರು ತಾಲ್ಲೂಕಿನ ಪುನರ್ವಸತಿ ಶಿಬಿರಗಳ ಬಂಗಾಳಿಗಳದು ಇದಕ್ಕೆ ವ್ಯತಿರಿಕ್ತ ಸ್ಥಿತಿ. ಪೂರ್ವ ಪಾಕಿಸ್ತಾನದಿಂದ ಬಂದ ಈ ಕುಟುಂಬಗಳಿಗೆ ತುಂಗಭದ್ರಾ ಅಚ್ಚುಕಟ್ಟಿನ ಸೀಮೆಯಲ್ಲಿ ನೆಲೆ ದೊರೆಯಿತು. ಅವರ ದೀರ್ಘಕಾಲದ ಬೇಡಿಕೆ ಹಿಂದಿರುಗುವುದಲ್ಲ, ಇಲ್ಲಿಯ ಪೌರತ್ವ. 2024ರ ಮಾರ್ಚಿನಲ್ಲಿ ಪೌರತ್ವ ತಿದ್ದುಪಡಿ ಕಾಯಿದೆಯ ನಿಯಮಗಳು ಜಾರಿಯಾದಾಗ ಈ ಶಿಬಿರಗಳ ಹೆಸರು ಮತ್ತೆ ಕೇಳಿಬಂತು. ದುರ್ಗಾಪೂಜೆಯೂ ಭಾಷೆಯೂ ಅವರೊಂದಿಗೆ ಬಂದಿವೆ. ಹೀಗೆ ಒಯ್ಯಬಹುದಾದುದನ್ನೆಲ್ಲ ಒಯ್ದವರಿಗೆ ಹಿಂದೆ ಉಳಿದ ನೆಲದ ಕರೆ ಕ್ಷೀಣವಾಗಿ ಕೇಳುತ್ತದೆ.

ಸಮಾರೋಪ

ಸಮುದಾಯವೊಂದು ಮರಳುವ ಆಸೆಯನ್ನು ಉಳಿಸಿಕೊಂಡಿದೆಯೇ ಎಂದು ಕೇಳಿದರೆ ದೊರೆಯುವ ಉತ್ತರ ಹೌದು ಅಥವಾ ಇಲ್ಲ ಎಂದಿಷ್ಟೇ ಆಗಿರುತ್ತದೆ. ಊರಿನಲ್ಲಿ ಅವರ ಯಾವ ಕೆಲಸ, ಯಾವ ಹಕ್ಕು, ಯಾವ ಗೋರಿ ಅವರಿಗಾಗಿ ಉಳಿದಿದೆ. ಅಲ್ಲಿಗೆ ದಾರಿ ತೆರೆದಿದೆಯೇ. ಬಾಗಿಲಲ್ಲಿ ನಿಂತು ಬಾ ಎನ್ನುವವರು ಇದ್ದಾರೆಯೇ ಎಂದು ಕೇಳುವುದು ಹೆಚ್ಚು ಫಲಕಾರಿ. ದಾರಿಯೂ ಕರೆಯೂ ಇದ್ದಲ್ಲಿ ಜನ ಮನೆಗೆ ಮರಳುತ್ತಾರೆ. 1948ರ ಮೊದಲನೆಯ ವಲಸೆ ಅದಕ್ಕೆ ನಿದರ್ಶನ. ದಾರಿಯಿದ್ದು ಕರೆ ಕುಗ್ಗಿದಲ್ಲಿ ಮನೆ ತವರಾಗುತ್ತದೆ. ಎರಡನೆಯ ವಲಸೆ ಅದಕ್ಕೆ ನಿದರ್ಶನ. ದಾರಿಯೇ ಮುಚ್ಚಿದಲ್ಲಿ ಆಸೆ ಪ್ರತಿಜ್ಞೆಯಾಗಿ ಗಟ್ಟಿಗೊಳ್ಳುತ್ತದೆ.

ಹೈದರಾಬಾದ್ ಕರ್ನಾಟಕ 2019ರಿಂದ ಕಲ್ಯಾಣ ಕರ್ನಾಟಕವೆಂದು ಕರೆಯಲ್ಪಡುತ್ತಿದೆ. ಸೆಪ್ಟೆಂಬರ್ 17ರಂದು ಪ್ರತಿವರ್ಷ ಇಲ್ಲಿ ವಿಮೋಚನೆಯ ದಿನವನ್ನು ಆಚರಿಸಲಾಗುತ್ತದೆ. ಹೋರಾಟಗಾರರ ತ್ಯಾಗವನ್ನು ನೆನೆಯುವ ಈ ದಿನ, ಹೊರಟು ಮರಳಿ ಬಂದವರ ಜೊತೆಗೆ ಹೊರಟು ಮರಳದವರೂ ಇದೇ ಊರುಗಳವರು ಎಂಬುದನ್ನು ಇತಿಹಾಸ ನೆನಪಿಡಬೇಕಾಗಿದೆ. ಅಂದು ಹತ್ತು ವರ್ಷದ ಮಕ್ಕಳಾಗಿದ್ದವರು ಇಂದು ಎಂಬತ್ತೈದು ದಾಟಿದ್ದಾರೆ. ಬೀಗರ ಪಡಸಾಲೆಯ ನೆನಪುಗಳನ್ನು, ಹಳೆಯ ಪಹಣಿಗಳಲ್ಲಿ ಬದಲಾದ ಹೆಸರುಗಳನ್ನು, ಅಲಾಯಿ ಕುಣಿಯ ಬಳಿಯ ಹಾಡುಗಳನ್ನು ಕರಜಗಿಯಂಥ ಗಡಿಯೂರುಗಳಲ್ಲಿ ಒಟ್ಟಿಗೆ ಸಂಗ್ರಹಿಸಿದರೆ, ಎರಡು ವಲಸೆಗಳ ಕಥೆ ಒಂದೇ ಊರಿನ ಕಥೆಯಾಗಿ ಓದಲು ಸಿಗುತ್ತದೆ. ಆ ಕೆಲಸಕ್ಕೆ ಉಳಿದಿರುವ ಕಾಲ ಬಹಳವಿಲ್ಲ.